ಹಾಳೆ ತಟ್ಟೆ, ಕರೆಂಟ್ ಬಿಲ್ಲು ಮತ್ತು ನಾಲ್ಕು ರೂಪಾಯಿಯ ಷೇರು

ತುಮಕೂರಿನಲ್ಲಿ ಈಗ ಎಲ್ಲಿ ಹೋದರೂ ಷೇರಿನ ಮಾತು. ಬಿ.ಎಚ್. ರಸ್ತೆಯ ಹೋಟೆಲಿನಲ್ಲಿ, ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ, ಮಂಡಿಪೇಟೆಯ ಅಂಗಡಿ ಮುಂದೆ. ಅದರಲ್ಲೂ ಕೆಲವು ತಿಂಗಳಿಂದ ಒಂದೇ ಕಂಪನಿಯ ಹೆಸರು ಜಾಸ್ತಿ ಕಿವಿಗೆ ಬೀಳುತ್ತಿದೆ. ಪ್ಲಾಸ್ಟಿಕ್ ಬದಲಿಗೆ ಮಣ್ಣಿನಲ್ಲಿ ಕರಗುವ ಕವರು, ಡಬ್ಬಿ, ಲೋಟ ಮಾಡುತ್ತೇವೆ ಎನ್ನುವ ಸಣ್ಣ ಕಂಪನಿ. ಷೇರಿನ ಬೆಲೆ ನಾಲ್ಕು ರೂಪಾಯಿ ಆಸುಪಾಸು. ಒಂದು ವಾರ ದಿನಾ ಏರುತ್ತದೆ, ಮುಂದಿನ ವಾರ ದಿನಾ ಇಳಿಯುತ್ತದೆ. ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ಬೆಳಗ್ಗೆ ಯಾರೋ ಕೊಳ್ಳುತ್ತಾರೆ, ಇನ್ಯಾರೋ ಮಾರುತ್ತಾರೆ. ಎರಡೂ ನನ್ನ ಮಾತಿನ ಮೇಲೆ ಆಗಬಾರದು.

ನಾನು ಮಾಡುವ ಕೆಲಸ ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬುವುದು. ಹಾಗಾಗಿ ಈ ವಿಷಯ ನನಗೆ ಎರಡು ಕಡೆಯಿಂದ ಕಾಣುತ್ತದೆ. ಷೇರು ಕೊಂಡವರು ರಿಟರ್ನ್ ತುಂಬುವ ಕಾಲಕ್ಕೆ ಬ್ರೋಕರ್ ಕೊಟ್ಟ ಲಾಭ-ನಷ್ಟದ ಪಟ್ಟಿ ಹಿಡಿದು ಬರುತ್ತಾರೆ. ಗುಬ್ಬಿ, ಚೇಳೂರು ಕಡೆ ಅಡಿಕೆ ಹಾಳೆಯ ತಟ್ಟೆ ಮಾಡುವ ಯೂನಿಟ್ ಇಟ್ಟುಕೊಂಡವರು ಖರೀದಿ ಬಿಲ್ಲು, ಮಾರಾಟದ ಬಿಲ್ಲು, ಬೆಸ್ಕಾಂ ಬಿಲ್ಲು ಎಲ್ಲ ಒಂದು ಕೈಚೀಲದಲ್ಲಿ ತುಂಬಿಕೊಂಡು ಬಂದು ಟೇಬಲ್ ಮೇಲೆ ಸುರಿಯುತ್ತಾರೆ. ಇಬ್ಬರೂ ನಂಬಿರುವುದು ಒಂದನ್ನೇ: ಪ್ಲಾಸ್ಟಿಕ್ ಹೋಗುತ್ತದೆ, ಅದರ ಜಾಗಕ್ಕೆ ಮಣ್ಣಿಗೆ ಸೇರುವ ವಸ್ತು ಬರುತ್ತದೆ. ಆದರೆ ಯೂನಿಟ್ಟಿನವರು ದಿನಾ ನೋಡುವುದು ವಸ್ತುವನ್ನು. ಷೇರಿನವರು ದಿನಾ ನೋಡುವುದು ಬೆಲೆಯನ್ನು. ಬೆಲೆ ನೋಡುವವರಿಗೂ ವಸ್ತುವನ್ನು ನೋಡಲು ದಾರಿ ಇದೆ, ಅದಕ್ಕೆ ಬೇಕಾದ ಕಾಗದಗಳೆಲ್ಲ ಒಂದು ಪೈಸೆ ಖರ್ಚಿಲ್ಲದೆ ಸಿಗುತ್ತವೆ. ಅದನ್ನು ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ತಟ್ಟೆಯ ವಿಷಯ. ನಮ್ಮ ಕಡೆ ಹುಟ್ಟಿದವರಿಗೆ ಅಡಿಕೆ ಹಾಳೆ ಹೊಸದಲ್ಲ. ಒಂದು ಮರ ವರ್ಷಕ್ಕೆ ಐದಾರು, ಏಳು ಹಾಳೆ ಉದುರಿಸುತ್ತದೆ. ಬಿದ್ದ ಹಾಳೆಯನ್ನು ಬೇಸಿಗೆಯಲ್ಲೇ ಆರಿಸಿ, ಒಣಗಿಸಿ, ಕಂತೆ ಕಟ್ಟಿ ಷೆಡ್ಡಿಗೆ ಹಾಕಬೇಕು. ಮಳೆ ತಾಗಿದರೆ ಬೂಷ್ಟು ಬರುತ್ತದೆ. ಬೂಷ್ಟು ಬಂದ ಹಾಳೆ ತಟ್ಟೆಗೆ ಆಗುವುದಿಲ್ಲ, ಒಲೆಗೇ. ಅಂದರೆ ವರ್ಷಪೂರ್ತಿ ಮಿಷನ್ ಓಡಬೇಕು ಅಂದರೆ ಬೇಸಿಗೆಯ ಮೂರ್ನಾಲ್ಕು ತಿಂಗಳಲ್ಲೇ ಮಾಲು ಕೊಂಡು ತುಂಬಿಟ್ಟಿರಬೇಕು. ಅದಕ್ಕೆ ಕೈಯಲ್ಲಿ ದುಡ್ಡು ಬೇಕು. ಸಣ್ಣ ಯೂನಿಟ್‌ಗಳು ಮುಚ್ಚಿಹೋಗುವುದು ಗಿರಾಕಿ ಇಲ್ಲದೆ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ನಾನು ಲೆಕ್ಕ ಬರೆದ ಮಟ್ಟಿಗೆ ಹೇಳುವುದಾದರೆ, ಬೇಸಿಗೆಯಲ್ಲಿ ಹಾಳೆ ಕೊಳ್ಳಲು ದುಡ್ಡಿಲ್ಲದೆ ನಿಂತವೇ ಜಾಸ್ತಿ.

ಗುಬ್ಬಿ ಹತ್ತಿರದ ಒಂದು ಷೆಡ್ಡಿಗೆ ನಾನು ಆಗಾಗ ಹೋಗುತ್ತೇನೆ. ಬಾಗಿಲಲ್ಲೇ ನೀರಿನ ತೊಟ್ಟಿ. ಅದರಲ್ಲಿ ಹಾಳೆ ನೆನೆಯುತ್ತಿರುತ್ತದೆ. ಇಬ್ಬರು ಹೆಂಗಸರು ಒಂದೊಂದನ್ನೇ ಎತ್ತಿ ಬ್ರಷ್ಷಿನಲ್ಲಿ ತಿಕ್ಕಿ, ನೀರು ಸೋರಲಿ ಅಂತ ಗೋಡೆಗೆ ಒರಗಿಸುತ್ತಾರೆ. ಒಳಗೆ ಪ್ರೆಸ್. ಬಿಸಿಯಾದ ಅಚ್ಚಿನ (ಡೈ) ಮೇಲೆ ಹಾಳೆ ಹರಡಿ ಮೇಲಿನ ಭಾಗ ಇಳಿಸಿದರೆ ಚುಸ್ ಅಂತ ಹಬೆ ಏಳುತ್ತದೆ, ಬೇಯಿಸಿದ ನಾರಿನ ವಾಸನೆ ಬರುತ್ತದೆ, ಸ್ವಲ್ಪ ಹೊತ್ತಿಗೆ ಎತ್ತಿದರೆ ಅಂಚು ಕತ್ತರಿಸಿದ ಗಟ್ಟಿ ತಟ್ಟೆ. ಅಂಟಿಲ್ಲ, ಬಣ್ಣವಿಲ್ಲ, ಏನೂ ಬೆರೆಸಿಲ್ಲ. ಒಂದು ಹಾಳೆಯಲ್ಲಿ ದೊಡ್ಡ ತಟ್ಟೆ ಒಂದು ಬಂದರೆ, ಉಳಿದ ತುಂಡಿನಲ್ಲಿ ಸಣ್ಣ ಬಟ್ಟಲು. ಆ ಡೈ ಬಿಸಿ ಆರಬಾರದು, ಹೀಟರ್ ಸತತ ಉರಿಯುತ್ತಿರಬೇಕು. ಮಧ್ಯಾಹ್ನ ಕರೆಂಟ್ ಹೋದರೆ ಮತ್ತೆ ಬಿಸಿ ಮಾಡಲು ಹೊತ್ತು ಬೇಕು, ಅಷ್ಟು ಹೊತ್ತು ಕೂಲಿ ದಂಡ. ಯೂನಿಟ್ ನಡೆಸುವ ಅಕ್ಕ ನನಗೆ ಲೆಕ್ಕ ಕೊಡುವಾಗ ಒಂದು ಮಾತು ಹೇಳಿದ್ದರು: "ಸಾರ್, ನನ್ನ ಮಾರಾಟದ ಪುಸ್ತಕ ಬಿಡಿ. ಕರೆಂಟ್ ಬಿಲ್ ಒಂದು ನೋಡಿ, ಆ ತಿಂಗಳು ಎಷ್ಟು ತಟ್ಟೆ ಎದ್ದಿದೆ ಅಂತ ನೀವೇ ಹೇಳ್ತೀರಿ."

ಈ ಮಾತನ್ನು ಹಾಗೇ ನೆನಪಿಟ್ಟುಕೊಳ್ಳಿ. ಷೇರಿನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಈ ಕಸುಬಿಗೆ ಸರ್ಕಾರದ ಕಾನೂನು ಬೆನ್ನಿಗಿದೆ, ಅದು ನಿಜ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕವರು, ತಟ್ಟೆ, ಲೋಟಗಳ ನಿಷೇಧ ಬಂದದ್ದು 2016ರ ಮಾರ್ಚ್‌ನಲ್ಲೇ. ದೇಶಕ್ಕೆಲ್ಲ ಅನ್ವಯಿಸುವ ಹಾಗೆ ಒಂದೇ ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ ಮುಂತಾದವು 2022ರ ಜುಲೈ 1ರಿಂದ ನಿಷೇಧವಾದವು. ಕ್ಯಾರಿ ಬ್ಯಾಗ್ 120 ಮೈಕ್ರಾನ್‌ಗಿಂತ ತೆಳುವಾಗಿರಬಾರದು ಎಂಬ ನಿಯಮ ಅದೇ ವರ್ಷದ ಕೊನೆಗೆ ಬಂತು. ಕಾಂಪೋಸ್ಟ್ ಆಗುವ ಕವರಿಗೆ ಈ ದಪ್ಪದ ನಿಯಮ ಇಲ್ಲ, ಆದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಇರಲೇಬೇಕು. ಪ್ರತಿಸಲ ಇಂಥ ಆದೇಶ ಬಂದಾಗಲೂ ಈ ಬಗೆಯ ಕಂಪನಿಗಳ ಷೇರು ಮೇಲೇಳುತ್ತದೆ. ಆದೇಶ ಕಾಗದದಲ್ಲಿ ಬಂದ ದಿನವೇ ಬೆಲೆ ಏರುತ್ತದೆ, ಆದರೆ ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯ ಕೈಗೆ ಆ ಹೊಸ ಕವರು ಬರುವುದು ಯಾವಾಗಲೋ. ಅವರಿಗೆ ಸಿಗುವುದೇ ಕಂತೆಗೆ ಒಂದೆರಡು ರೂಪಾಯಿ. ತೆಳು ಕವರಿಗಿಂತ ಎಷ್ಟೋ ಪಟ್ಟು ದುಬಾರಿ ಆದದ್ದನ್ನು ಅವರು ಯಾಕೆ ಕೊಳ್ಳಬೇಕು? ಹಿಡಿಯುವವರು ಬರದಿದ್ದರೆ ಹಳೆಯದೇ ನಡೆಯುತ್ತದೆ. ನಾನು ಇದನ್ನು ಬೇಸರದಿಂದ ಬರೆಯುತ್ತಿದ್ದೇನೆ, ಯಾಕೆಂದರೆ ಆ ಕವರು ಹೋಗಲೇಬೇಕು ಅಂತ ನನಗೂ ಇದೆ. ದೇವರಾಯನದುರ್ಗದ ಕಾಡಿನ ದಾರಿಯಲ್ಲಿ ರಜಾ ದಿನದ ಮರುದಿನ ನಡೆದು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಪೆಟ್ಟು ಹೊರದೇಶದಿಂದ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ, ಅಂದರೆ ಎಫ್‌ಡಿಎ, ಅಡಿಕೆ ಹಾಳೆಯ ತಟ್ಟೆ-ಬಟ್ಟಲುಗಳನ್ನು ಊಟಕ್ಕೆ ಬಳಸಲು ತನ್ನ ಅನುಮತಿ ಇಲ್ಲ ಎಂದು ಹೇಳಿತು. ಅಡಿಕೆಯಲ್ಲಿರುವ ಅರೆಕೋಲಿನ್‌ನಂಥ ಅಂಶ ಆಹಾರಕ್ಕೆ ಇಳಿಯಬಹುದು ಎಂಬುದು ಅವರ ಕಾರಣ. ಇಲ್ಲಿನ ಯೂನಿಟ್‌ಗಳು ನೇರ ರಫ್ತು ಮಾಡುವುದು ಕಮ್ಮಿ, ಮಧ್ಯದ ವ್ಯಾಪಾರಿ ಕೊಳ್ಳುತ್ತಾನೆ. ಅವನು "ಸದ್ಯಕ್ಕೆ ಬೇಡ, ಆಮೇಲೆ ಹೇಳ್ತೀನಿ" ಅಂದರೆ ಗುಬ್ಬಿಯ ಷೆಡ್ಡಿನಲ್ಲಿ ತಟ್ಟೆಯ ರಾಶಿ ಬೆಳೆಯುತ್ತದೆ. ದೂರದ ಒಂದು ಕಚೇರಿಯ ಒಂದು ಕಾಗದಕ್ಕೆ ಈ ಕಸುಬು ಎಷ್ಟು ಬೇಗ ಅಲುಗಾಡುತ್ತದೆ ಅನ್ನುವುದು ಷೇರು ಕೊಳ್ಳುವವರಿಗೂ ಗೊತ್ತಿರಬೇಕು.

ಈಗ ಆ ನಾಲ್ಕು ರೂಪಾಯಿಗೆ ಬರೋಣ.

ನಾಲ್ಕು ರೂಪಾಯಿ ಅಂದರೆ ಅಗ್ಗ ಅಂತ ಎಲ್ಲರ ಲೆಕ್ಕ. "ಇನ್ನೆಷ್ಟು ಇಳಿಯುತ್ತೆ ಸಾರ್, ಇಳಿದರೂ ನಾಲ್ಕೇ ರೂಪಾಯಿ ತಾನೇ?" ಅಂತ ಜೆರಾಕ್ಸ್ ಅಂಗಡಿಯ ಹುಡುಗ ಕೇಳುತ್ತಾನೆ. ಒಂದು ಕೊಬ್ಬರಿ ಗಿಟುಕನ್ನು ನೂರು ಚೂರು ಮಾಡಿದರೆ ಚೂರು ಅಗ್ಗ ಆಗುತ್ತದೆ, ಗಿಟುಕು ಆಗುವುದಿಲ್ಲ. ಕಂಪನಿ 50 ಕೋಟಿ ಷೇರು ಹಂಚಿದೆ ಅಂತ ಇಟ್ಟುಕೊಳ್ಳಿ. ನಾಲ್ಕು ರೂಪಾಯಿ ಲೆಕ್ಕದಲ್ಲಿ ಇಡೀ ಕಂಪನಿಗೆ ಪೇಟೆ ಕಟ್ಟಿದ ಬೆಲೆ 200 ಕೋಟಿ. ವರ್ಷಕ್ಕೆ 2 ಕೋಟಿ ಲಾಭ ಇದ್ದರೆ, ಅಷ್ಟೇ ಲಾಭ ನೂರು ವರ್ಷ ಬಂದರೆ ಆ 200 ಕೋಟಿ ಹುಟ್ಟುತ್ತದೆ. ಇದನ್ನು ಹೇಳಿದಾಗ ಅವನು ಫೋನು ತೆಗೆದು ಕೂಡಿಸಿ ಗುಣಿಸಿ ನೋಡಿ, "ಹಂಗಾದ್ರೆ ಸಾವಿರ ರೂಪಾಯಿ ಷೇರೇ ಇದಕ್ಕಿಂತ ಅಗ್ಗ ಇರಬಹುದು ಅಲ್ವಾ ಸಾರ್" ಅಂದ. ಹೌದು, ಇರಬಹುದು.

ಆವರೇಜ್ ಮಾಡುವುದು ಇನ್ನೊಂದು. 8 ರೂಪಾಯಿಗೆ ಸಾವಿರ ಷೇರು, ಇಳಿಯಿತು ಅಂತ 6 ರೂಪಾಯಿಗೆ ಇನ್ನೊಂದು ಸಾವಿರ, ಮತ್ತೆ ಇಳಿಯಿತು ಅಂತ 4 ರೂಪಾಯಿಗೆ ಎರಡು ಸಾವಿರ. ಈಗ ಸರಾಸರಿ ಐದೂವರೆ ರೂಪಾಯಿ. ಆ್ಯಪಿನಲ್ಲಿ ಆ ಸರಾಸರಿ ಕೆಳಗೆ ಬಂದದ್ದು ಕಾಣುತ್ತದೆ, ಸಮಾಧಾನ ಆಗುತ್ತದೆ. ಆದರೆ ಸಿಕ್ಕಿಕೊಂಡ ದುಡ್ಡು 8 ಸಾವಿರ ಇದ್ದದ್ದು 22 ಸಾವಿರ ಆಗಿದೆ. ಒಬ್ಬರ ಪಟ್ಟಿಯಲ್ಲಿ ಅಂತಲ್ಲ, ಎಷ್ಟೋ ಪಟ್ಟಿಗಳಲ್ಲಿ ಇದೇ ಏಣಿ ಕಾಣುತ್ತೇನೆ.

ನನಗೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಮೇಷ್ಟ್ರೊಬ್ಬರು ಇದ್ದಾರೆ. ನಿವೃತ್ತರಾಗಿ ಬಹಳ ವರ್ಷ ಆಯಿತು. ನಮ್ಮನ್ನೆಲ್ಲ ನಾಮದ ಚಿಲುಮೆಗೆ ಕರೆದುಕೊಂಡು ಹೋಗಿ ಗೋಣಿಚೀಲ ಕೊಟ್ಟು ಪ್ಲಾಸ್ಟಿಕ್ ಆರಿಸಲು ಹಚ್ಚುತ್ತಿದ್ದವರು. ಅವರೂ ಈ ಷೇರು ಕೊಂಡಿದ್ದಾರೆ. ದುಡ್ಡು ದುಪ್ಪಟ್ಟು ಮಾಡುವ ಆಸೆ ಅವರಿಗಿಲ್ಲ. ಒಳ್ಳೆಯ ಕೆಲಸಕ್ಕೆ ತಮ್ಮದೂ ಒಂದು ಪಾಲು ಇರಲಿ ಅಂತ ಕೊಂಡರು. ಬೆಲೆ ಬಿದ್ದಾಗ ಅವರ ಮಗ ಮಾರಿಬಿಡಿ ಅಂದ. ಮೇಷ್ಟ್ರು ಒಪ್ಪಲಿಲ್ಲ. ನನ್ನ ಹತ್ತಿರ ಬಂದು ಕೂತು ಹೇಳಿದರು: "ನೀನೂ ಮಾರಿ ಅಂತ ಹೇಳಬೇಡಪ್ಪ. ಎಲ್ಲರೂ ಮಾರಿಕೊಂಡು ಹೋದರೆ ಇಂಥ ಕಂಪನಿ ಬದುಕೋದು ಹೇಗೆ?"

ಈ ಮಾತಿನಲ್ಲಿ ಒಳ್ಳೆಯತನ ಇದೆ, ಅದಕ್ಕೇ ಉತ್ತರ ಹುಷಾರಾಗಿ ಹೇಳಬೇಕಾಯಿತು. "ಮೇಷ್ಟ್ರೆ, ನೀವು ಕೊಟ್ಟ ದುಡ್ಡು ಕಂಪನಿಗೆ ಹೋಗಲಿಲ್ಲ. ನಿಮಗೆ ಷೇರು ಮಾರಿದವರಿಗೆ ಹೋಯಿತು" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಕಂಪನಿಗೆ ದುಡ್ಡು ಬರುವುದು ಅದು ಹೊಸ ಷೇರು ಕೊಟ್ಟಾಗ: ಮೊದಲ ಸಲ ಸಾರ್ವಜನಿಕರಿಗೆ ಕೊಡುವ ಐಪಿಒ, ಈಗಿರುವ ಷೇರುದಾರರಿಗೆ ಕೊಡುವ ರೈಟ್ಸ್, ಇಲ್ಲವೇ ಆರಿಸಿದ ಕೆಲವರಿಗೆ ಕೊಡುವ ಪ್ರಿಫರೆನ್ಶಿಯಲ್ ಷೇರು. ನಾವು ದಿನಾ ಪೇಟೆಯಲ್ಲಿ ಕೊಳ್ಳುವುದು ಇನ್ನೊಬ್ಬರ ಕೈಯಲ್ಲಿದ್ದ ಷೇರನ್ನು. ಹತ್ತು ಸಾವಿರ ರೂಪಾಯಿಯಲ್ಲಿ ಒಂದು ರೂಪಾಯಿಯೂ ಹೊಸ ಮಿಷನ್‌ಗೆ ಹೋಗುವುದಿಲ್ಲ. ಗುಬ್ಬಿಯ ಅಕ್ಕನ ಹತ್ತಿರ ಮನೆಯ ಗೃಹಪ್ರವೇಶಕ್ಕೆ ಐನೂರು ತಟ್ಟೆ ಕೊಂಡರೆ ಆ ದುಡ್ಡು ಮುಂದಿನ ಬೇಸಿಗೆಯ ಹಾಳೆಗೆ ಹೋಗುತ್ತದೆ. ಪರಿಸರದ ಪರವಾಗಿ ದುಡ್ಡು ಹಾಕಬೇಕು ಅನ್ನುವವರು ಈ ವ್ಯತ್ಯಾಸ ತಿಳಿದಿರಬೇಕು.

ಹಾಗಾದರೆ ಮಾರಿದವರು ಯಾರು? ಮೇಷ್ಟ್ರ ಮುಂದಿನ ಪ್ರಶ್ನೆ ಅದೇ ಆಗಿತ್ತು. ಇದಕ್ಕೆ ಪೂರ್ತಿ ಉತ್ತರ ಸಿಗದಿದ್ದರೂ ಸುಳಿವು ಸಿಗುತ್ತದೆ. ಪ್ರತಿ ಮೂರು ತಿಂಗಳಿಗೊಮ್ಮೆ, ತ್ರೈಮಾಸಿಕ ಮುಗಿದ 21 ದಿನದೊಳಗೆ, ಲಿಸ್ಟ್ ಆದ ಕಂಪನಿ ತನ್ನ ಷೇರು ಯಾರ್ಯಾರ ಹತ್ತಿರ ಎಷ್ಟಿದೆ ಅಂತ ಷೇರುಪೇಟೆಗೆ ಕೊಡಬೇಕು. ಬಿಎಸ್‌ಇ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಅದರಲ್ಲಿ ಮೇಲೆ ಪ್ರಮೋಟರ್‌ಗಳು, ಅಂದರೆ ಕಂಪನಿ ಕಟ್ಟಿದವರು, ಅವರು ಅಡ ಇಟ್ಟ ಷೇರು. ಕೆಳಗೆ ಹೋದರೆ 2 ಲಕ್ಷ ರೂಪಾಯಿವರೆಗಿನ ಮುಖಬೆಲೆಯ ಷೇರು ಇಟ್ಟುಕೊಂಡ ವ್ಯಕ್ತಿಗಳು ಅಂತ ಒಂದು ಸಾಲು. ಅದು ನಾವು. ನಾನು ಮತ್ತು ಮೇಷ್ಟ್ರು ಒಂದರ ಪಕ್ಕ ಒಂದು ನಾಲ್ಕು ತ್ರೈಮಾಸಿಕದ ಹಾಳೆ ಪ್ರಿಂಟ್ ತೆಗೆದು ಇಟ್ಟುಕೊಂಡೆವು. ಪ್ರಮೋಟರ್ ಪಾಲು ಪ್ರತಿ ಹಾಳೆಯಲ್ಲೂ ಕೆಳಗೆ. ಸಣ್ಣವರ ಸಂಖ್ಯೆ ಪ್ರತಿ ಹಾಳೆಯಲ್ಲೂ ಮೇಲೆ. ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಎರಡೂ ಸಾಲಿಗೆ ಗೆರೆ ಎಳೆದರು, ಉತ್ತರ ಪತ್ರಿಕೆ ತಿದ್ದುವಾಗ ಎಳೆಯುತ್ತಿದ್ದ ಹಾಗೇ.

ಇದು ತಪ್ಪು ನಡೆದಿದೆ ಅನ್ನುವುದಕ್ಕೆ ಸಾಕ್ಷಿ ಅಲ್ಲ. ಪ್ರಮೋಟರ್ ಮಾರುವುದಕ್ಕೆ ನೂರು ಕಾರಣ ಇರಬಹುದು. ಆದರೆ ಕಂಪನಿಯನ್ನು ಒಳಗಿನಿಂದ ಬಲ್ಲವರು ಕಮ್ಮಿ ಮಾಡಿಕೊಳ್ಳುತ್ತಿದ್ದಾರೆ, ಹೊರಗಿನಿಂದ ನೋಡುವವರು ಜಾಸ್ತಿ ಮಾಡಿಕೊಳ್ಳುತ್ತಿದ್ದಾರೆ ಅನ್ನುವುದನ್ನು ನೋಡಿಯೂ ನೋಡದ ಹಾಗೆ ಇರಲು ಆಗುವುದಿಲ್ಲ.

ಈ ಸಾಲು ಎಷ್ಟು ಮುಖ್ಯ ಅನ್ನುವುದಕ್ಕೆ ದಾಖಲೆಯಲ್ಲಿರುವ ಒಂದು ಉದಾಹರಣೆ ಹೇಳುತ್ತೇನೆ. ಪ್ಯಾಕೇಜಿಂಗ್ ಕಂಪನಿ ಅಲ್ಲ, ಸಾಧನಾ ಬ್ರಾಡ್‌ಕಾಸ್ಟ್ ಅಂತ ಟಿವಿ ವ್ಯವಹಾರದ ಕಂಪನಿ. 2022ರಲ್ಲಿ ಯೂಟ್ಯೂಬಿನಲ್ಲಿ ಅದರ ಬಗ್ಗೆ ಸುಳ್ಳು ಸುದ್ದಿಯ ವಿಡಿಯೊಗಳು ಬಂದವು. ದೊಡ್ಡ ಗ್ರೂಪೊಂದು ಇದನ್ನು ಕೊಳ್ಳುತ್ತದೆ, ಬೆಲೆ ಎಲ್ಲಿಗೋ ಹೋಗುತ್ತದೆ ಅಂತ. 2023ರ ಮಾರ್ಚ್‌ನಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಹೊರಡಿಸಿದ ಮಧ್ಯಂತರ ಆದೇಶದ ಪ್ರಕಾರ, ಆ ಅವಧಿಯಲ್ಲಿ ಸಣ್ಣ ಷೇರುದಾರರ ಸಂಖ್ಯೆ 2,167ರಿಂದ 55,343ಕ್ಕೆ ಏರಿತು. ಅವರೆಲ್ಲ ಉಬ್ಬಿದ ಬೆಲೆಗೆ ಕೊಂಡರು, ಕೆಲವು ಪ್ರಮೋಟರ್‌ಗಳೂ ಸೇರಿದಂತೆ ಮೊದಲೇ ಇದ್ದವರು ಮಾರಿ ಹೊರಗೆ ಹೋದರು. ಐವತ್ತು ಸಾವಿರಕ್ಕೂ ಹೆಚ್ಚು ಮನೆಗಳು. ಅದರಲ್ಲಿ ಮೇಷ್ಟ್ರಂಥವರು ಎಷ್ಟು ಜನ ಇದ್ದರೋ ಅಂತ ಆ ಸಂಖ್ಯೆ ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಇನ್ನು ಕರೆಂಟ್ ಬಿಲ್ಲು. ಕಂಪನಿಯ ವಾರ್ಷಿಕ ವರದಿಯಲ್ಲಿ ಮೊದಲ ಪುಟಗಳು ಹಸಿರು ಎಲೆ, ಸಮುದ್ರ, ಆಮೆ. ಅದನ್ನು ದಾಟಿ ಹೋಗಿ. ಲಾಭ-ನಷ್ಟದ ಪಟ್ಟಿಗೆ ಕೊಟ್ಟಿರುವ ಟಿಪ್ಪಣಿಗಳಲ್ಲಿ ಇತರ ಖರ್ಚು ಅಂತ ಇರುತ್ತದೆ. ಅದರೊಳಗೆ ವಿದ್ಯುತ್ ಮತ್ತು ಇಂಧನದ ಖರ್ಚು. ತಟ್ಟೆಯಾಗಲಿ, ಕವರಾಗಲಿ, ಡಬ್ಬಿಯಾಗಲಿ, ಬಿಸಿ ಇಲ್ಲದೆ ಆಗುವ ವಸ್ತು ಇದರಲ್ಲಿ ಇಲ್ಲ. ಕವರಿನ ಫಿಲ್ಮ್ ಎಳೆಯಲು ಕಚ್ಚಾ ಮಾಲಿನ ಹರಳು ಕರಗಿಸಬೇಕು, ಕಬ್ಬಿನ ಸಿಪ್ಪೆಯ ಡಬ್ಬಿಗೆ ತಿರುಳು ಒತ್ತಿ ಒಣಗಿಸಬೇಕು. ಮಾರಾಟ ದುಪ್ಪಟ್ಟು ಆಗಿದೆ ಅಂತ ಕಂಪನಿ ಹೇಳುತ್ತದೆ, ಕರೆಂಟ್ ಖರ್ಚು ಹೋದ ವರ್ಷದಷ್ಟೇ ಇದೆ. ಹಾಗಾದರೆ ಆ ಮಾಲು ಎಲ್ಲಿ ತಯಾರಾಯಿತು?

ಇದರ ಉತ್ತರ ಅದೇ ಪಟ್ಟಿಯ ಇನ್ನೆರಡು ಸಾಲಿನಲ್ಲಿ ಸಿಗಬಹುದು. ಒಂದು, ಬಳಸಿದ ಕಚ್ಚಾ ಮಾಲಿನ ಖರ್ಚು. ಇನ್ನೊಂದು, ಮಾರಲು ಕೊಂಡ ಸಿದ್ಧ ಮಾಲಿನ ಖರ್ಚು. ಎರಡನೆಯದು ಬೆಳೆದು ಮೊದಲನೆಯದು ನಿಂತಲ್ಲೇ ನಿಂತಿದ್ದರೆ ಕಂಪನಿ ಬೇರೆಯವರ ಮಾಲು ಕೊಂಡು ಮಾರುತ್ತಿದೆ ಅಂತ ಅರ್ಥ. ವ್ಯಾಪಾರ ತಪ್ಪಲ್ಲ. ಆದರೆ ವ್ಯಾಪಾರದಲ್ಲಿ ಉಳಿಯುವ ಲಾಭ ಕಮ್ಮಿ, ಅದಕ್ಕೆ ಕಾರ್ಖಾನೆಯ ಬೆಲೆ ಕಟ್ಟಬಾರದು. ಮೂರನೆಯದು ಗಿರಾಕಿಗಳಿಂದ ಬರಬೇಕಾದ ಬಾಕಿ. ಮಾರಾಟಕ್ಕಿಂತ ವೇಗವಾಗಿ ಬಾಕಿ ಬೆಳೆದರೆ, ಬಿಲ್ಲು ಹರಿದಿದ್ದಾರೆ, ದುಡ್ಡು ಬಂದಿಲ್ಲ. ನಮ್ಮ ಮಂಡಿಪೇಟೆಯ ಯಾವ ವರ್ತಕನಿಗೂ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ತನ್ನ ಅಂಗಡಿಯಲ್ಲಿ ಉದ್ರಿ ಜಾಸ್ತಿ ಆದರೆ ರಾತ್ರಿ ನಿದ್ದೆ ಬಾರದವನು, ತಾನು ಷೇರು ಕೊಂಡ ಕಂಪನಿಯ ಉದ್ರಿಯನ್ನು ಒಮ್ಮೆಯೂ ತೆರೆದು ನೋಡಿರುವುದಿಲ್ಲ.

ವಾರಂಟ್, ಅಂದರೆ ಮುಂದೆ ಗೊತ್ತುಮಾಡಿದ ಬೆಲೆಗೆ ಕಂಪನಿಯ ಷೇರು ಪಡೆಯುವ ಹಕ್ಕು, ಅದರ ಸುದ್ದಿಯನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. "ವಾರಂಟ್ ಮೂಲಕ 100 ಕೋಟಿ ಸಂಗ್ರಹ" ಅಂತ ಸುದ್ದಿ ಬಂದ ದಿನ ಷೇರು ಒಂದು ದಿನಕ್ಕೆ ಏರಬಹುದಾದ ಮಿತಿಗೆ, ಅಂದರೆ ಅಪ್ಪರ್ ಸರ್ಕ್ಯೂಟ್‌ಗೆ ಹೋಗುತ್ತದೆ. ಸೆಬಿ ನಿಯಮದಲ್ಲಿ ವಾರಂಟ್ ಪಡೆದವರು ಮೊದಲು ಕೊಡಬೇಕಾದದ್ದು ಕನಿಷ್ಠ 25%. ಉಳಿದದ್ದಕ್ಕೆ 18 ತಿಂಗಳ ಕಾಲ ಇರುತ್ತದೆ. ಬೆಲೆ ಬಿದ್ದರೆ ಅವರು ಬಾಕಿ ಕಟ್ಟದೆ ಬಿಡಬಹುದು, ಕಟ್ಟಿದ 25% ಮುಟ್ಟುಗೋಲು ಆಗುತ್ತದೆ ಅಷ್ಟೇ. ಆ ದಿನ ಬಂದದ್ದು ನೂರು ಕೋಟಿ ಅಲ್ಲ, ಇಪ್ಪತ್ತೈದು ಇರಬಹುದು. ತಿಳಿವಳಿಕೆ ಪತ್ರಕ್ಕೆ (ಎಂಒಯು) ಸಹಿ ಹಾಕಿದ ಸುದ್ದಿಯೂ ಹಾಗೇ. ಅದು ಆರ್ಡರ್ ಅಲ್ಲ.

ಎಲ್ಲವೂ ಸರಿ ಇದ್ದರೂ ಈ ಕಸುಬು ಕಷ್ಟದ್ದೇ. ಅಮೆರಿಕದ ಡ್ಯಾನಿಮರ್ ಸೈಂಟಿಫಿಕ್ ಅನ್ನುವ ಕಂಪನಿ ನಿಜವಾಗಲೂ ವಸ್ತು ಮಾಡುತ್ತಿತ್ತು. ಕನೋಲಾ ಎಣ್ಣೆಯಿಂದ ಸೂಕ್ಷ್ಮಾಣುಗಳ ಮೂಲಕ ಪಿಎಚ್‌ಎ ಎಂಬ ಕರಗುವ ಪ್ಲಾಸ್ಟಿಕ್. 2020ರ ಕೊನೆಗೆ ನ್ಯೂಯಾರ್ಕ್ ಷೇರುಪೇಟೆಗೆ ಬಂತು, 2021ರ ಮೊದಲಲ್ಲಿ ಷೇರು 60 ಡಾಲರ್ ದಾಟಿತು. 2025ರ ಮಾರ್ಚ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ವಸ್ತು ಸುಳ್ಳಲ್ಲ, ಕಾರ್ಖಾನೆ ಸುಳ್ಳಲ್ಲ. ಕಾರ್ಖಾನೆ ಕಟ್ಟಲು ತಂದ ಸಾಲ ತೀರಿಸುವಷ್ಟು ಗಿರಾಕಿ ಸಮಯಕ್ಕೆ ಬರಲಿಲ್ಲ. ನಮ್ಮಲ್ಲಿ ಬಲರಾಂಪುರ ಸಕ್ಕರೆ ಕಂಪನಿ 2024ರಲ್ಲಿ ಕಬ್ಬಿನಿಂದ, ಇನ್ನೊಂದು ಬಗೆಯ ಕರಗುವ ಪ್ಲಾಸ್ಟಿಕ್ ಆದ ಪಿಎಲ್‌ಎ ಮಾಡುವ ಕಾರ್ಖಾನೆ ಘೋಷಿಸಿದಾಗ ಹೇಳಿದ ಮೊತ್ತ ಸುಮಾರು 2,000 ಕೋಟಿ. ಹರಳು ಮಾಡುವುದಕ್ಕೇ ಅಷ್ಟು ಬಂಡವಾಳ ಬೇಕು ಅಂದಮೇಲೆ, 200 ಕೋಟಿ ಬೆಲೆಯ ಕಂಪನಿ "ನಾವೇ ಎಲ್ಲ ಮಾಡುತ್ತೇವೆ" ಅಂದರೆ ಒಂದು ಸಲ ನಿಂತು ಕೇಳಬೇಕು. ಅಂದ ಹಾಗೆ ಪಿಎಲ್‌ಎ ಕವರು ತಿಪ್ಪೆಗೆ ಎಸೆದರೆ ಕರಗಿಹೋಗುತ್ತದೆ ಅನ್ನುವುದೂ ಸರಿಯಲ್ಲ. ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್ಕಿಗೆ ಇರುವ ಐಎಸ್ 17088 ಮಾನದಂಡದ ಪರೀಕ್ಷೆ ನಡೆಯುವುದು 58 ಡಿಗ್ರಿ ಆಸುಪಾಸಿನ ಬಿಸಿಯ ಕಾಂಪೋಸ್ಟಿನಲ್ಲಿ, 180 ದಿನದೊಳಗೆ ಶೇಕಡ 90ರಷ್ಟು ಕರಗಬೇಕು. ಮನೆ ಹಿತ್ತಲಲ್ಲಿ ಅಂಥ ಬಿಸಿ ಸದಾ ಇರುವುದಿಲ್ಲ. ಹಾಳೆ ತಟ್ಟೆ ಹಿತ್ತಲಿನ ಗುಂಡಿಯಲ್ಲೇ ಮಣ್ಣಾಗುತ್ತದೆ.

ಹೊರಗೆ ಬರುವ ಬಾಗಿಲು ಎಷ್ಟು ಕಿರಿದು ಅನ್ನುವುದು ಬೀಳುವ ದಿನ ಗೊತ್ತಾಗುತ್ತದೆ. ಇಂಥ ಷೇರುಗಳ ಬೆಲೆ ಏರಿಳಿಯುವುದಕ್ಕೆ ದಿನದ ಮಿತಿ 5% ಇರುತ್ತದೆ, ನಿಗಾ ಹೆಚ್ಚಿದರೆ 2%. ಆ ಮಿತಿಯಷ್ಟೂ ಬಿದ್ದು ಲೋವರ್ ಸರ್ಕ್ಯೂಟ್ ಆದರೆ ಕೊಳ್ಳುವವರ ಕಡೆ ಸೊನ್ನೆ, ಮಾರುವವರ ಕಡೆ ಲಕ್ಷಗಟ್ಟಲೆ. ಒಂದೇ ಬೆಲೆಯಲ್ಲಿ ಮೊದಲು ಆರ್ಡರ್ ಹಾಕಿದವರಿಗೆ ಮೊದಲ ಸರದಿ, ಒಂಬತ್ತೂಕಾಲಿಗೆ ಫೋನು ತೆಗೆಯುವ ಮೇಷ್ಟ್ರ ಸರದಿ ಬರುವುದೇ ಇಲ್ಲ. ದಿನಕ್ಕೆ 5% ಹತ್ತು ದಿನ ಬಿದ್ದರೆ 100 ರೂಪಾಯಿ 60ಕ್ಕೆ ಬರುತ್ತದೆ. ಇಂತಿಷ್ಟಕ್ಕೆ ಇಳಿದರೆ ತಾನಾಗೇ ಮಾರುವ ಸ್ಟಾಪ್ ಲಾಸ್ ಹಾಕಿದ್ದೇನೆ ಅನ್ನುವವರಿಗೂ ಕೊಳ್ಳುವವರು ಬೇಕಲ್ಲ. ಕಟ್ಟಕಡೆಗೆ ನಷ್ಟಕ್ಕೆ ಮಾರಿದವರು ಒಂದು ಕೆಲಸ ಮಾತ್ರ ತಪ್ಪಿಸಬೇಡಿ: ರಿಟರ್ನ್ ಕೊನೆಯ ದಿನದೊಳಗೆ ತುಂಬಿ, ಆ ನಷ್ಟ ತೋರಿಸಿ. ಮುಂದಿನ ಎಂಟು ವರ್ಷದವರೆಗೆ ಷೇರಿನ ಲಾಭದ ಎದುರು ಅದನ್ನು ಕಳೆಯಬಹುದು. ತಡವಾಗಿ ತುಂಬಿದರೆ ಆ ಹಕ್ಕು ಹೋಯಿತು. ದುಡ್ಡು ಕಳೆದುಕೊಂಡವರೇ ನಾಚಿಕೆಯಿಂದ ಆ ಪಟ್ಟಿ ಮುಚ್ಚಿಡುತ್ತಾರೆ. ಮುಚ್ಚಿಡಬೇಡಿ.

ಮೇಷ್ಟ್ರು ಮಾರಲಿಲ್ಲ, ಹೊಸದಾಗಿ ಕೊಳ್ಳಲೂ ಇಲ್ಲ. "ನಾನು ಪಾಲುದಾರ ಅಂದಮೇಲೆ ಕೇಳಬಹುದಲ್ವಾ?" ಅಂದರು. ಖಂಡಿತ ಕೇಳಬಹುದು. ಮಾರ್ಚ್‌ಗೆ ಲೆಕ್ಕ ಮುಗಿಸುವ ಕಂಪನಿ ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಮಹಾಸಭೆ ನಡೆಸಬೇಕು. ಈಗ ಬಹಳಷ್ಟು ಸಭೆಗಳು ವಿಡಿಯೊದಲ್ಲೇ ನಡೆಯುತ್ತವೆ, ಮುಂಬೈಗೋ ಅಹಮದಾಬಾದಿಗೋ ಹೋಗಬೇಕಾಗಿಲ್ಲ. ಸಭೆಯ ನೋಟಿಸಿನಲ್ಲೇ ಮಾತಾಡುವವರು ಹೆಸರು ಕೊಡಬೇಕಾದ ಇಮೇಲ್ ಇರುತ್ತದೆ. ಮತ ಹಾಕುವುದೂ ಫೋನಿನಲ್ಲೇ. ಒಂದು ಷೇರು ಇದ್ದರೂ ಹಕ್ಕು ಇದೆ. ಮೇಷ್ಟ್ರು ಹೆಸರು ಕೊಟ್ಟರು. ಪ್ರಶ್ನೆಯನ್ನು ಮೊದಲು ಕನ್ನಡದಲ್ಲಿ ಬರೆದುಕೊಂಡು, ಆಮೇಲೆ ಇಂಗ್ಲಿಷಿಗೆ ತಿರುಗಿಸಿದರು. ಮಾರಾಟ ಇಷ್ಟು ಏರಿದೆ, ವಿದ್ಯುತ್ ಖರ್ಚು ಯಾಕೆ ಏರಿಲ್ಲ, ಕಾರ್ಖಾನೆಯ ಹೊಸ ಉತ್ಪಾದನಾ ಲೈನ್ ಶುರುವಾಗಿದೆಯೇ, ಅಷ್ಟೇ.

ಸಭೆಯ ದಿನ ನನ್ನ ಆಫೀಸಿನಲ್ಲೇ ಕೂತರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಅವರ ಸರದಿ ಬಂದಾಗ ಕ್ಲಾಸಿನಲ್ಲಿ ಓದುವ ಹಾಗೆ ನಿಧಾನವಾಗಿ ಓದಿದರು. ಹೊಸ ಲೈನ್ ಇನ್ನೂ ಪರೀಕ್ಷೆಯ ಹಂತದಲ್ಲಿದೆ, ಸದ್ಯ ಹೊರಗಿನಿಂದ ಮಾಲು ತರಿಸಿ ಗಿರಾಕಿಗಳಿಗೆ ಕೊಡುತ್ತಿದ್ದೇವೆ, ಸೆಪ್ಟೆಂಬರ್ ತ್ರೈಮಾಸಿಕದಿಂದ ಸ್ವಂತ ಉತ್ಪಾದನೆ ಕಾಣುತ್ತದೆ ಅಂತ ಉತ್ತರ ಬಂತು. ಮೇಷ್ಟ್ರು ಅದನ್ನು ಡೈರಿಯಲ್ಲಿ ಬರೆದುಕೊಂಡು, ತಾರೀಕು ಹಾಕಿದರು. ಆ ತ್ರೈಮಾಸಿಕದ ಫಲಿತಾಂಶ ನವೆಂಬರ್ 14ರೊಳಗೆ ಬರಬೇಕು. ವಿದ್ಯುತ್ ಖರ್ಚಿನ ಸಾಲು ವಾರ್ಷಿಕ ವರದಿಯವರೆಗೆ ಸಿಗುವುದಿಲ್ಲ, ಆದರೆ ಬಳಸಿದ ಕಚ್ಚಾ ಮಾಲು ಮತ್ತು ಕೊಂಡ ಸಿದ್ಧ ಮಾಲು, ಈ ಎರಡು ಸಾಲು ಅದರಲ್ಲೇ ಇರುತ್ತವೆ. ಅವತ್ತು ಮೊದಲು ಅದನ್ನೇ ನೋಡೋಣ ಅಂತ ಮಾತಾಗಿದೆ.